ಕುಂದಾಪುರ ಸೀಮೆಯ ಕ್ರೈಸ್ತ ಗೀತೆ ಮತ್ತು ಸ್ವರಮೇಳದ ಪ್ರಶ್ನೆ

ಸಭೆಯಲ್ಲಿ ಹೊಸ ಗೀತೆಯೊಂದು ರಚಿತವಾದಾಗ ಅದರ ಪದಗಳ ದೈವಶಾಸ್ತ್ರವನ್ನು ನಾವು ಪರಿಶೀಲಿಸುತ್ತೇವೆ. ಅದರ ಕೆಳಗೆ ನುಡಿಯುವ ಸ್ವರಮೇಳಗಳನ್ನು, ಅಂದರೆ ವಾದಕರು ಕಾರ್ಡ್ ಎನ್ನುವ ಸ್ವರಗುಚ್ಛಗಳನ್ನು, ಅವರ ಕೈಯಭ್ಯಾಸಕ್ಕೆ ಬಿಡುತ್ತೇವೆ. ಈ ಅಭ್ಯಾಸಕ್ಕೂ ಚರಿತ್ರೆಯಿದೆ.

1834ರಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನರಿಗಳಲ್ಲಿ ಹೆರ್ಮನ್ ಮೋಗ್ಲಿಂಗ್ ಮೊದಲಾದ ಹಲವರು ಜರ್ಮನಿಯ ವ್ಯುರ್ಟೆಂಬರ್ಗ್ ನಾಡಿನವರು. ಅದೇ ನಾಡಿನ ಬೋಧಕ ಲೂಕಾಸ್ ಓಸಿಯಾಂಡರ್ 1586ರಲ್ಲಿ ಐವತ್ತು ಗೀತೆಗಳ ಸಂಗ್ರಹವೊಂದನ್ನು ಪ್ರಕಟಿಸಿದ್ದನು. ಅದರಲ್ಲಿ ಧಾಟಿಯನ್ನು ಮೇಲಿನ ದನಿಗೆ ಕೊಟ್ಟು, ಉಳಿದ ಮೂರು ದನಿಗಳನ್ನು ಅಕ್ಷರಕ್ಕೆ ಅಕ್ಷರ ಜೊತೆಗೂಡಿಸಿದನು. ಸಾಮಾನ್ಯ ಸಭಿಕನೂ ಹಾಡಬೇಕೆಂಬುದೇ ಅವನ ಉದ್ದೇಶ. ಆದುದರಿಂದ ನಾಲ್ಕು ದನಿಗಳ ಸ್ವರಮೇಳವನ್ನು ಬರಿಯ ಪರಕೀಯ ಅಲಂಕಾರವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಅಲ್ಲಿಯ ಪದ್ಯ ನಡೆಯುವುದು ಒತ್ತಿನ ಮೇಲೆ. ಕನ್ನಡ ಪದ್ಯ ನಡೆಯುವುದು ಲಘು ಗುರುಗಳ ಕಾಲಮಾನದ ಮೇಲೆ. ಅಕ್ಷರಕ್ಕೊಂದು ಸ್ವರಮೇಳ ಬದಲಾದರೆ ಲಘುವೂ ಗುರುವಿನಷ್ಟೇ ತೂಕ ಪಡೆಯುತ್ತದೆ, ಮಾತು ಎಡವುತ್ತದೆ.

ಈ ತೊಡಕನ್ನು ಛಂದಸ್ಸಿನ ಕಡೆಯಿಂದ ಬಿಡಿಸಲು ಹೊರಟವನು ಫರ್ಡಿನಂಡ್ ಕಿಟ್ಟೆಲ್. ಅವನು 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಪದ್ಯಬಂಧದಲ್ಲಿ ಹೇಳಿದನು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದನು. ನಿಘಂಟಿನ ಕೀರ್ತಿಯಲ್ಲಿ ಈ ಕೆಲಸ ಮರೆಯಾದುದು ವಿಷಾದಕರ.

ಪಕ್ಕವಾದ್ಯದ ಕಡೆಯಿಂದ ಉತ್ತರ ಬಂದುದು ಯಾರ ಸಂಕಲ್ಪದಿಂದಲೂ ಅಲ್ಲ, ಹಾರ್ಮೋನಿಯಂನ ತಿದಿಯಿಂದ. 1842ರಲ್ಲಿ ಪ್ಯಾರಿಸ್ಸಿನಲ್ಲಿ ಡೆಬೆಯ್ನ್ ಹಕ್ಕು ಪಡೆದ ಹಾರ್ಮೋನಿಯಂಗೆ ಕಾಲಿನಿಂದ ಗಾಳಿ ಊದಬೇಕು. ಎರಡು ಕೈಗಳೂ ಬಿಡುವಾಗಿರುತ್ತವೆ. ಭಾರತದಲ್ಲಿ ರೂಪುಗೊಂಡ ಕೈಪೆಟ್ಟಿಗೆಯಲ್ಲಿ ಒಂದು ಕೈ ತಿದಿಗೆ ಹೋಯಿತು. ಉಳಿದ ಒಂದು ಕೈಗೆ ದಕ್ಕುವುದು ಧಾಟಿ, ಜೊತೆಗೆ ಶ್ರುತಿ. ಮುಂದೆ ವಿದ್ಯುತ್ ಕೀಬೋರ್ಡು ಎಡಗೈಯನ್ನು ಮತ್ತೆ ಬಿಡುಗಡೆ ಮಾಡಿತು. ಆ ಕೈಗೆ ಸಿದ್ಧವಾಗಿ ದೊರೆತದ್ದು ಪಾಶ್ಚಾತ್ಯ ಗೀತೆಯ ಮೂರು ಸ್ವರಮೇಳಗಳು.

ಬ್ರಹ್ಮಾವರಕ್ಕೆ ಬೇರೊಂದು ಪರಂಪರೆಯೂ ಇದೆ. 1889ರಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪರಾಗಿ ಅಭಿಷಿಕ್ತರಾದ ಅಲ್ವಾರಿಸ್ ಮತ್ತು ಅವರ ಜೊತೆಗಾರ ಫಾದರ್ ನೊರೊನ್ಹಾ ಅವರ ಮೂಲಕ ಅಲ್ಲಿಯ ಕೊಂಕಣಿ ಕ್ರೈಸ್ತರಲ್ಲೊಂದು ಭಾಗ ಸಿರಿಯನ್ ಆರ್ಥೊಡಾಕ್ಸ್ ಸಭೆಯನ್ನು ಸೇರಿತು. ಸಿರಿಯಾಕ್ ಆರಾಧನೆಯ ಎಂಟು ಧಾಟಿವರ್ಗಗಳು ಮೂಲತಃ ಏಕದನಿಯವು, ಸ್ವರಮೇಳವಿಲ್ಲದೆಯೇ ಪೂರ್ಣ. ಕಥೋಲಿಕರಲ್ಲಿ 1963ರ ಡಿಸೆಂಬರ್ 4ರಂದು ಪ್ರಕಟವಾದ ಆರಾಧನಾ ಸಂವಿಧಾನವು ಮಿಷನ್ ನಾಡುಗಳ ಜನರ ಸ್ವಂತ ಸಂಗೀತಕ್ಕೆ ತಕ್ಕ ಸ್ಥಾನ ಸಲ್ಲಬೇಕೆಂದಿತು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಆ ಸ್ವಂತ ಸಂಗೀತವನ್ನು ದೂರ ಹುಡುಕಬೇಕಾಗಿಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ, ನವರಾತ್ರಿಯಲ್ಲಿ ಮನೆಮನೆಗೆ ಬರುವ ಹೂವಿನಕೋಲಿನಲ್ಲಿ, ಶ್ರುತಿ ಕದಲುವುದಿಲ್ಲ. ಭಾಗವತರ ಪದ ಅದರ ಮೇಲೆ ಚಲಿಸುತ್ತದೆ. ಈ ಕಿವಿಯುಳ್ಳ ಕ್ರೈಸ್ತ ರಚನಕಾರನು ಮೋಹನದಲ್ಲಿ ಗೀತೆ ಕಟ್ಟಿದನೆನ್ನೋಣ. ರಾಗದ ಸ್ವರಗಳು ಸ, ರಿ, ಗ, ಪ, ಧ. ವಾದಕನು ರೂಢಿಯಂತೆ ಸ, ಮ, ಪಗಳ ಮೇಲೆ ಸ್ವರಮೇಳ ಹಿಡಿದರೆ, ಹಾಡುವವನು ಎಲ್ಲಿಯೂ ಮುಟ್ಟದ ಮಧ್ಯಮ ನಿಷಾದಗಳು ವಾದ್ಯದಲ್ಲಿ ನುಡಿಯುತ್ತವೆ. ಮೋಹನವು ಶಂಕರಾಭರಣದೊಳಗೆ ಕರಗುತ್ತದೆ. ರಾಗದ ಸ್ವರಗಳಿಂದಲೇ ಆಗುವ ಮೂರು ಸ್ವರಗಳ ಮೇಳಗಳು ಎರಡೇ: ಸ‑ಗ‑ಪ ಮತ್ತು ಧ‑ಸ‑ಗ. ಸಾಲು ತಂಗುವೆಡೆ ಪಂಚಮದ ಮೇಳ ಬೇಕೆನಿಸಿದರೆ ನಿಷಾದವನ್ನು ಬಿಟ್ಟು ಪ‑ರಿ ಎರಡನ್ನೇ ಹಿಡಿಯಬಹುದು. ಇವನ್ನು ಅಕ್ಷರಕ್ಕೊಮ್ಮೆ ಬದಲಿಸದೆ ತಾಳದ ಆವರ್ತಕ್ಕೊಮ್ಮೆ ಬದಲಿಸಿದರೆ ಲಘು ಗುರುಗಳಿಗೂ ಎಡೆ ಉಳಿಯುತ್ತದೆ. ಮಧ್ಯಮಾವತಿಯಲ್ಲಿಯಾದರೋ ಗಾಂಧಾರವೇ ಇಲ್ಲ. ಷಡ್ಜದ ಮೇಲೆ ಮೂರು ಸ್ವರಗಳ ಮೇಳ ಹುಟ್ಟುವುದೇ ಇಲ್ಲ. ಅಲ್ಲಿ ಎಡಗೈಗೆ ಸ‑ಪ ಸಾಕು.