ಪೋಲೆಂಡಿನ ಭಯ, ಹಂಗೇರಿಯ ಕೊರಗು

ಯುರೋಪಿನ ಚರಿತ್ರೆಯನ್ನು ಓದುತ್ತ ಹೋದರೆ ಅದೆಲ್ಲ ಅಕ್ಕಪಕ್ಕದ ಮನೆಯವರ ಬೇಲಿ ಜಗಳವೇ ಅನ್ನಿಸುತ್ತದೆ. ಅಂಥಲ್ಲಿ ಪೋಲರೂ ಹಂಗೇರಿಯನ್ನರೂ ತಲೆಮಾರುಗಳಿಂದ ತಮ್ಮನ್ನು ಅಣ್ಣತಮ್ಮಂದಿರೆಂದು ಕರೆದುಕೊಂಡಿದ್ದಾರೆ. ಭಾಷೆಗೂ ಭಾಷೆಗೂ ಸಂಬಂಧವಿಲ್ಲ. ಆದರೆ ನೆಂಟಸ್ತಿಕೆ ಹಳೆಯದು. 1384ರಲ್ಲಿ ಕ್ರಾಕೋವ್‌ನಲ್ಲಿ ಪೋಲೆಂಡಿನ ಪಟ್ಟವೇರಿದ ಯಾದ್ವಿಗಾ ಹಂಗೇರಿಯ ರಾಜ ಲೂಯಿಯ ಮಗಳು. ಆಗ ಅವಳಿಗೆ ಹತ್ತೋ ಹನ್ನೊಂದೋ, ನಮ್ಮ ಐದನೇ ಕ್ಲಾಸಿನ ಹುಡುಗಿಯ ವಯಸ್ಸು!

ಗೆಳೆತನ ಒಂದಾದರೂ ಎರಡು ಮನೆಗಳ ಸಂಕಟ ಒಂದಲ್ಲ. ಪೋಲೆಂಡನ್ನು ರಷ್ಯ, ಪ್ರಷ್ಯ, ಆಸ್ಟ್ರಿಯಗಳು 1772, 1793, 1795ರಲ್ಲಿ ಮೂರು ಸಲ ಹರಿದು ಹಂಚಿಕೊಂಡವು. 123 ವರ್ಷ ಆ ದೇಶ ಭೂಪಟದಲ್ಲೇ ಇರಲಿಲ್ಲ. ಹಂಗೇರಿ ಅಳಿಯಲಿಲ್ಲ, ಆದರೆ 1920ರ ಟ್ರಿಯಾನನ್ ಒಪ್ಪಂದದಲ್ಲಿ ಮೂರರಲ್ಲಿ ಎರಡು ಪಾಲು ನೆಲ ಕಳೆದುಕೊಂಡಿತು. ಇಡೀ ಮನೆಯೇ ಹೋಗಿ ಮತ್ತೆ ದಕ್ಕಿದವರ ಭಯ ಬೇರೆ, ಮನೆ ಉಳಿದು ತೋಟ ಹೋದವರ ಕೊರಗು ಬೇರೆ. ಈ ಕೊರಗೇ ಹಂಗೇರಿಯನ್ನು ಹಿಟ್ಲರನ ಬಾಗಿಲಿಗೆ ಒಯ್ದಿತು. ಅವನ ಕೃಪೆಯಿಂದ ಒಂದಿಷ್ಟು ನೆಲ ಮರಳಿತು. ಪೋಲರಿಗಾದರೋ ಅವನು ಯಮ.

ಆದರೂ 1939ರ ಸೆಪ್ಟೆಂಬರಿನಲ್ಲಿ, ಪೋಲೆಂಡಿನ ಮೇಲೆ ಹೋಗಲು ರೈಲುದಾರಿ ಬಿಡಿ ಎಂದು ಜರ್ಮನರು ಕೇಳಿದಾಗ ಹಂಗೇರಿಯ ಪ್ರಧಾನಿ ಟೆಲೆಕಿ ಒಪ್ಪಲಿಲ್ಲ. (ಅವನೇನು ಸಂತನಲ್ಲ. ಯಹೂದ್ಯರ ವಿರುದ್ಧ ಕಾನೂನು ತಂದವನೂ ಅವನೇ.) ಸೋತ ಪೋಲರು ಹತ್ತಾರು ಸಾವಿರ ಮಂದಿ ಗಡಿ ದಾಟಿ ಬಂದರು. ಬಲಾಟನ್ ಸರೋವರದ ದಡದ ಊರೊಂದರಲ್ಲಿ ಅವರ ಮಕ್ಕಳಿಗೆ ಪೋಲಿಷ್ ಭಾಷೆಯಲ್ಲೇ ಹೈಸ್ಕೂಲು ನಡೆಯಿತು. ಪೋಲೆಂಡಿನೊಳಗೆ ಅಂಥ ಶಾಲೆಗಳನ್ನು ಜರ್ಮನರು ಮುಚ್ಚಿಸಿದ್ದ ಕಾಲವದು. ಟೀಚರಾದ ನನಗೆ ಯುದ್ಧದ ಎಷ್ಟೋ ಸಂಗತಿಗಳಿಗಿಂತ ಈ ಶಾಲೆಯೇ ಹೆಚ್ಚು ನೆನಪಿನಲ್ಲಿರುತ್ತದೆ.

ನಿರಾಶ್ರಿತರನ್ನು ನೋಡಿಕೊಂಡವರು ಇಬ್ಬರು: ಹಂಗೇರಿಯ ಸರ್ಕಾರಿ ಅಧಿಕಾರಿ ಯೋಜೆಫ್ ಅಂತಾಲ್, ಪೋಲರ ಪರವಾಗಿ ಹೆನ್ರಿಕ್ ಸ್ವಾವಿಕ್. ಓಡಿಬಂದ ಯಹೂದ್ಯರಿಗೆ ಕ್ರೈಸ್ತ ಹೆಸರಿನ ಕಾಗದಪತ್ರ ಮಾಡಿಸಿಕೊಟ್ಟು ಸಾವಿರಾರು ಜೀವ ಉಳಿಸಿದರು. 1944ರ ಮಾರ್ಚಿನಲ್ಲಿ ಜರ್ಮನರು ಹಂಗೇರಿಯನ್ನೇ ಹಿಡಿದಾಗ ಇಬ್ಬರೂ ಸೆರೆಯಾದರು. ಚಿತ್ರಹಿಂಸೆ ಕೊಟ್ಟರೂ ಸ್ವಾವಿಕ್ ಎಲ್ಲ ಹೊಣೆಯನ್ನೂ ತನ್ನ ಮೇಲೆ ಹಾಕಿಕೊಂಡ, ಅಂತಾಲ್‌ಗೆ ಏನೂ ಗೊತ್ತಿಲ್ಲ ಎಂದ. ಅದೇ ಆಗಸ್ಟಿನಲ್ಲಿ ಅವನನ್ನು ಮೌತ್‌ಹೌಸೆನ್ ಶಿಬಿರದಲ್ಲಿ ಕೊಂದರು. ಅಂತಾಲ್ ಬದುಕಿದ. ಅವನ ಮಗನೇ 1990ರಲ್ಲಿ ಹಂಗೇರಿಯ ಪ್ರಧಾನಿಯಾದ.

1956ರ ಅಕ್ಟೋಬರ್ 23ರಂದು ಬುಡಾಪೆಸ್ಟಿನ ವಿದ್ಯಾರ್ಥಿಗಳು ಪೋಲೆಂಡಿಗೆ ಬೆಂಬಲ ಸಾರಲು ಬೆಮ್‌ನ ಪ್ರತಿಮೆಯ ಬಳಿ ಸೇರಿದರು. ಬೆಮ್ 1848-49ರಲ್ಲಿ ಹಂಗೇರಿಗಾಗಿ ಹೋರಾಡಿದ ಪೋಲಿಷ್ ಸೇನಾಪತಿ. ಗೊಮುಲ್ಕಾ ಮಾಸ್ಕೋದೊಡನೆ ಚೌಕಾಸಿ ಮಾಡಿ ಪೋಲೆಂಡನ್ನು ಪಾರುಮಾಡಿದ. ಹಂಗೇರಿಯ ಮೇಲೆ ನವೆಂಬರ್ 4ರಂದು ಟ್ಯಾಂಕುಗಳೇ ನುಗ್ಗಿದವು. ಪೋಲರು ಸಾಲಿನಲ್ಲಿ ನಿಂತು ರಕ್ತ ಕೊಟ್ಟರು.

ಎರಡೂ ದೇಶಗಳು 1999ರಲ್ಲಿ ಒಂದೇ ದಿನ ನ್ಯಾಟೋ ಸೇರಿದವು, 2004ರಲ್ಲಿ ಯುರೋಪಿಯನ್ ಒಕ್ಕೂಟವನ್ನೂ. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ಬಿದ್ದಾಗ ಹಳೆಯ ಭಯ, ಹಳೆಯ ಕೊರಗು ಮತ್ತೆ ಎದ್ದವು. ಪೋಲೆಂಡ್ ಲಕ್ಷಾಂತರ ಜನರಿಗೆ ಬಾಗಿಲು ತೆರೆಯಿತು, ಆಯುಧಗಳನ್ನೂ ಕಳಿಸಿತು. ಅಂದಿನ ಪ್ರಧಾನಿ ಓರ್ಬಾನ್ ತಮ್ಮ ಗಡಿಯಿಂದ ಆಯುಧ ದಾಟಲು ಬಿಡಲಿಲ್ಲ. ರಷ್ಯದ ಅನಿಲ ಬೇಕಿತ್ತು, ಗಡಿಯಾಚೆಗೆ ಹಂಗೇರಿಯನ್ನರೂ ಇದ್ದರು. ಕಾರಣ ನನಗೆ ಅರ್ಥವಾಗುತ್ತದೆ. ಆದರೆ 1849ರಲ್ಲಿ ಬಂದು ತುಳಿದವರೂ ರಷ್ಯನ್ನರೇ, 1956ರಲ್ಲೂ ಅವರೇ. ಅದನ್ನು ಬದಿಗಿಡುವುದು ಹೇಗೆ ಸಾಧ್ಯವಾಯಿತೋ!

2024ರ ಡಿಸೆಂಬರಿನಲ್ಲಿ ಹಂಗೇರಿ ಮತ್ತೊಬ್ಬ ಪೋಲನಿಗೆ ಆಶ್ರಯ ಕೊಟ್ಟಿತು. ಅವನು ತನ್ನ ದೇಶದಲ್ಲಿ ಹಣದ ಅವ್ಯವಹಾರದ ಆರೋಪ ಹೊತ್ತಿದ್ದ ಮಾಜಿ ಉಪಮಂತ್ರಿ. ಪೋಲೆಂಡ್ ಬುಡಾಪೆಸ್ಟಿನಿಂದ ತನ್ನ ರಾಯಭಾರಿಯನ್ನು ಕರೆಸಿಕೊಂಡಿತು.