ಸೂಕ್ಷ್ಮನಾಳಗಳಲ್ಲಿ ಜೈವಿಕ ಅಣುಗಳ ಸಾಂದ್ರೀಕರಣ

ಕೂದಲೆಳೆಯಷ್ಟು ಕಿರಿದಾದ ನಾಳಗಳಲ್ಲಿ ಹರಿಯುವ ದ್ರವದೊಳಗೆ ಚೆದರಿರುವ ಪ್ರೋಟೀನು, ಡಿಎನ್‌ಎ ಮೊದಲಾದ ಅಣುಗಳನ್ನು ಒಂದೆಡೆ ಕೂಡಿಸಿ, ಆಮೇಲೆ ಸಂವೇದಕದ ಪರೀಕ್ಷೆಗೆ ಒಪ್ಪಿಸುವ ವಿಧಾನವಿದು. ಒಂದು ಫೆಮ್ಟೋಮೋಲಾರ್ ದ್ರಾವಣದ ಒಂದು ಮೈಕ್ರೋಲೀಟರಿನಲ್ಲಿ, ಎಂದರೆ ಗುಂಡುಸೂಜಿಯ ತಲೆಯಷ್ಟು ಹನಿಯಲ್ಲಿ, ಇರುವ ಅಣುಗಳು ಸುಮಾರು 600 ಮಾತ್ರ. ಅವು ತಾವಾಗಿ ಅಲೆದು ಬಂದು ತಾಕುವವರೆಗೆ ಎಂತಹ ಸೂಕ್ಷ್ಮ ಸಂವೇದಕವೂ ಸುಮ್ಮನೆ ಕಾದಿರಬೇಕು.

ಈ ವಿದ್ಯೆಯ ಬೇರು ಹಳೆಯದು. ವಿದ್ಯುತ್ತು ಹರಿಯುವ ದ್ರಾವಣದಲ್ಲಿ ಅಯಾನುಗಳ ಸಾಂದ್ರತೆ ಒಂದು ನಿಯಮಕ್ಕೆ ಕಟ್ಟುಬಿದ್ದಿದೆಯೆಂದು ಜರ್ಮನಿಯ ಕೋಲ್‌ರಾಷ್ 1897ರಲ್ಲಿಯೇ ತೋರಿಸಿದ್ದನು. 1964ರಲ್ಲಿ ಆರ್ನ್‌ಸ್ಟೈನ್ ಮತ್ತು ಡೇವಿಸ್, ಮುಂದೆ ವೇಗದ ಅಯಾನನ್ನೂ ಹಿಂದೆ ಮಂದಗತಿಯ ಅಯಾನನ್ನೂ ಇರಿಸಿ, ನಡುವೆ ಸಿಕ್ಕಿದ ಪ್ರೋಟೀನುಗಳು ತೆಳುಬಿಲ್ಲೆಗಳಾಗಿ ಒತ್ತೊತ್ತಿ ನಿಲ್ಲುವಂತೆ ಮಾಡಿದರು. 1990ರಲ್ಲಿ ಮಾಂಟ್ಸ್ ಮತ್ತು ಸಂಗಡಿಗರು ಇಡಿಯ ರಾಸಾಯನಿಕ ವಿಶ್ಲೇಷಣೆಯನ್ನೇ ಒಂದು ಚಿಪ್ಪಿನ ಮೇಲೆ ನಡೆಸುವ ಕಲ್ಪನೆಯನ್ನು ಮುಂದಿಟ್ಟ ಮೇಲೆ, ಈ ಹಳೆಯ ತತ್ತ್ವಕ್ಕೆ ಹೊಸ ಮನೆಯೊಂದು ದೊರೆಯಿತು.

ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ವಾಂಗ್, ಸ್ಟೀವನ್ಸ್, ಹಾನ್ ಎಂಬ ಮೂವರು 2005ರಲ್ಲಿ ಪ್ರಕಟಿಸಿದ ಪ್ರಯೋಗವು ನನ್ನ ಎಣಿಕೆಯಲ್ಲಿ ಈ ಇತಿಹಾಸದ ಅತ್ಯಂತ ರಮ್ಯ ಘಟ್ಟ. ಅವರ ಚಿಪ್ಪಿನಲ್ಲಿ ಎರಡು ಸೂಕ್ಷ್ಮನಾಳಗಳನ್ನು ಕೂಡಿಸುತ್ತಿದ್ದುದು ಕೆಲವೇ ಹತ್ತು ನ್ಯಾನೋಮೀಟರು ಆಳದ ಸೀಳು. ಅದರ ಗೋಡೆಗಳು ಋಣವಿದ್ಯುದಾವಿಷ್ಟವಾಗಿದ್ದುದರಿಂದ ಧನ ಅಯಾನುಗಳು ನುಸುಳಿದವು, ಋಣ ಅಯಾನುಗಳು ತಡೆಹಿಡಿಯಲ್ಪಟ್ಟವು. ವೋಲ್ಟೇಜು ಹಾಯಿಸಿದೊಡನೆ ಸೀಳಿನ ಬಾಯಲ್ಲಿ ಅಯಾನುಗಳೇ ವಿರಳವಾದ ಒಂದು ವಲಯ ಹುಟ್ಟಿ, ಹರಿದುಬಂದ ಪ್ರೋಟೀನು ಅದನ್ನು ದಾಟಲಾರದೆ ಅಂಚಿನಲ್ಲಿಯೇ ರಾಶಿಗೊಂಡಿತು. ಪ್ರತಿದೀಪ್ತಿಯುಳ್ಳ ಪ್ರೋಟೀನು ಹೀಗೆ ಕೂಡುತ್ತಿರಲು, ಮೊದಲು ಕತ್ತಲಾಗಿದ್ದ ನಾಳದಲ್ಲಿ ಬೆಳಕಿನ ಗೆರೆಯೊಂದು ಮೂಡಿ ಬರಬರುತ್ತ ಉಜ್ಜ್ವಲವಾಯಿತು. ಸಾಂದ್ರತೆ ಹತ್ತು ಲಕ್ಷ ಪಟ್ಟಿಗೂ ಮೇಲೇರಿತು. ಮರುವರ್ಷವೇ ಸ್ಟ್ಯಾನ್‌ಫರ್ಡಿನಲ್ಲಿ ಸ್ಯಾಂಟಿಯಾಗೋ ಮತ್ತು ಸಂಗಡಿಗರು ಕೋಲ್‌ರಾಷನ ನಿಯಮವನ್ನೇ ಆಶ್ರಯಿಸಿ, ಚಿಪ್ಪಿನ ಮೇಲೆ ಅಷ್ಟೇ ಪಟ್ಟಿನ ಸಾಂದ್ರತೆಯನ್ನು ಸಾಧಿಸಿದರು.

ಅಣುಗಳನ್ನು ಕೂಡಿಸುವುದೇ ಗುರಿಯಲ್ಲ, ಗುರುತಿಸುವುದು ಗುರಿ. 2008ರಲ್ಲಿ ವಾಂಗ್ ಮತ್ತು ಹಾನ್ ಪ್ರತಿಕಾಯಗಳನ್ನು ಅಂಟಿಸಿದ ಮಣಿಗಳನ್ನು ಆ ರಾಶಿಯ ಎಡೆಯಲ್ಲಿಯೇ ಇರಿಸಿ, ಅರ್ಧ ಗಂಟೆಯ ಸಾಂದ್ರೀಕರಣದಿಂದ ಪರೀಕ್ಷೆಯ ಸೂಕ್ಷ್ಮತೆಯನ್ನು 500 ಪಟ್ಟಿಗೂ ಮಿಗಿಲಾಗಿ ಹೆಚ್ಚಿಸಿದರು. ಆದರೆ ಸೀಳಿನ ಈ ಉಪಾಯ ಚೆನ್ನಾಗಿ ನಡೆಯುವುದು ಉಪ್ಪು ಕಡಮೆಯಿರುವ ದ್ರಾವಣದಲ್ಲಿ; ರಕ್ತದಷ್ಟು ಲವಣವಿದ್ದರೆ ಗೋಡೆಯ ವಿದ್ಯುತ್ಪ್ರಭಾವ ಒಂದು ನ್ಯಾನೋಮೀಟರಿನೊಳಗೇ ಅಡಗಿಹೋಗುತ್ತದೆ. ಆದುದರಿಂದ ಇಂತಹ ಯಂತ್ರದ ನಿಜವಾದ ಒರೆಗಲ್ಲು ಪ್ರಯೋಗಶಾಲೆಯ ತಿಳಿದ್ರಾವಣವಲ್ಲ, ರೋಗಿಯ ರಕ್ತದ ಹನಿ.