ತುರಿಕೆಯ ಹಿಂದಿನ ಕಾರಣಗಳು

ಜನನಾಂಗದ ತುರಿಕೆ ಮನುಷ್ಯನಷ್ಟೇ ಹಳೆಯದು. ಅದಕ್ಕೆ ಕಾರಣ ಒಂದಲ್ಲ, ಹಲವು ಎಂಬ ತಿಳಿವಳಿಕೆ ಮಾತ್ರ ಈಚಿನದು. ಕಜ್ಜಿಯ ಹುಳು, ತೊಡೆಸಂದಿನ ಹುಳುಕಡ್ಡಿ, ಕ್ಯಾಂಡಿಡಾ ಶಿಲೀಂಧ್ರ, ಟ್ರೈಕೊಮೊನಾಸ್ ಎಂಬ ಏಕಕೋಶಜೀವಿ ಎಲ್ಲವೂ ನವೆ ತರುತ್ತವೆ, ಆದರೆ ಒಂದಕ್ಕೆ ಕೊಡುವ ಮದ್ದು ಬಹಳ ಸಲ ಇನ್ನೊಂದಕ್ಕೆ ನಾಟುವುದಿಲ್ಲ. ಇವನ್ನು ಬೇರೆಬೇರೆಯಾಗಿ ಗುರುತಿಸಲು ವೈದ್ಯರಿಗೆ ಶತಮಾನಗಳೇ ಹಿಡಿದವು.

ಚರಕಸಂಹಿತೆ ಇಪ್ಪತ್ತು ಯೋನಿವ್ಯಾಪತ್ತುಗಳನ್ನು ಎಣಿಸುತ್ತದೆ. ಅವುಗಳಲ್ಲೊಂದಾದ ‘ಅಚರಣಾ’ ತೊಳೆಯದೆ ಬಿಟ್ಟಾಗ ಜಂತುಗಳು ಹುಟ್ಟಿ ತುರಿಕೆ ತರುವ ಸ್ಥಿತಿ. ಕಣ್ಣಿಗೆ ಕಾಣದ ಜೀವಿಯನ್ನು ಊಹಿಸಿದ್ದು ಸೂಕ್ಷ್ಮ ದೃಷ್ಟಿಯೇ ಸರಿ. ಆದರೆ ತುರಿಕೆ ಬಂತೆಂದರೆ ಹೆಂಗಸು ಶುಚಿಯಾಗಿಲ್ಲ ಎಂಬ ಭಾವನೆ ಇಂದಿಗೂ ಉಳಿದಿದೆ, ಅದು ತಪ್ಪು. ಯೋನಿಯಲ್ಲಿ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾಗಳು ಅಲ್ಲಿ ಆಮ್ಲತೆಯನ್ನು ಕಾಪಾಡುತ್ತವೆ ಎಂಬುದನ್ನು ಜರ್ಮನಿಯ ಆಲ್ಬರ್ಟ್ ಡೊಡರ್‌ಲೈನ್ 1892ರಲ್ಲಿ ವಿವರಿಸಿದರು. ಸೋಪು, ಡೆಟಾಲ್ ಹಾಕಿ ಒಳಗೆ ತೊಳೆದರೆ ಈ ಕಾವಲೇ ಕಳಚಿ ಹೋಗುತ್ತದೆ.

ಮೊದಲು ಸಿಕ್ಕಿಬಿದ್ದದ್ದು ಕಜ್ಜಿಯ ಹುಳು. ಇಟಲಿಯ ಬೊನೊಮೊ ಮತ್ತು ಚೆಸ್ತೋನಿ 1687ರಲ್ಲಿ ಅದನ್ನು ಸೂಕ್ಷ್ಮದರ್ಶಕದಡಿ ನೋಡಿ ಚಿತ್ರ ಬರೆದರು. ರಕ್ತ ಕೆಟ್ಟು ಕಜ್ಜಿಯಾಗುತ್ತದೆಂದು ನಂಬಿದ್ದ ವೈದ್ಯರು ಒಪ್ಪಲಿಲ್ಲ. 1834ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ರೆನುಚ್ಚಿ ಎಂಬ ವಿದ್ಯಾರ್ಥಿ ಸೂಜಿಮೊನೆಯಿಂದ ಹುಳುವನ್ನು ಎತ್ತಿ ತೋರಿಸಿದ ಮೇಲೆ ವಾದ ನಿಂತಿತು.

ಅದೇ ಊರಿನಲ್ಲಿ 1836ರಲ್ಲಿ ಆಲ್ಫ್ರೆಡ್ ಡೊನ್ನೆ ಯೋನಿಸ್ರಾವದ ಹನಿಯನ್ನು ಗಾಜಿನ ಮೇಲಿಟ್ಟು ನೋಡಿದಾಗ ಈಜಾಡುವ ಜೀವಿಗಳು ಕಂಡವು. ಇಂದಿನ ಟ್ರೈಕೊಮೊನಾಸ್ ಅದೇ. ಆದರೆ ಅದು ನಿರಪಾಯಕಾರಿ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು. ನೊರೆನೊರೆಯಾದ ಹಸಿರು-ಹಳದಿ ಸ್ರಾವ, ಉರಿ, ದುರ್ವಾಸನೆಯಿಂದ ನರಳಿದ ಹೆಂಗಸರ ಮಾತಿಗೆ ಅಷ್ಟು ಕಾಲ ಬೆಲೆ ಸಿಗಲಿಲ್ಲ ಎಂದೇ ಇದರ ಅರ್ಥ. ನುಂಗುವ ಮದ್ದು ಬಂದದ್ದು 1959–60ರಲ್ಲಿ, ಫ್ರಾನ್ಸಿನಲ್ಲಿ ರೂಪುಗೊಂಡ ಮೆಟ್ರೊನಿಡಜೋಲ್. ಗಂಡಸಿನಲ್ಲಿ ಈ ಸೋಂಕು ಬಹಳ ಸಲ ಯಾವ ತೊಂದರೆಯನ್ನೂ ತೋರದೆ ಇದ್ದುಬಿಡುತ್ತದೆ. ಹಾಗಾಗಿ ಹೆಂಡತಿಗಷ್ಟೇ ಮಾತ್ರೆ ಕೊಟ್ಟರೆ ರೋಗ ಮರಳಿ ಬರುತ್ತದೆ, ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆಯಾಗಬೇಕು.

ಮೊಸರಿನ ಗಡ್ಡೆಯಂಥ ಬಿಳಿ ಸ್ರಾವ ಮತ್ತು ತಡೆಯಲಾಗದ ತುರಿಕೆ ತರುವ ಕ್ಯಾಂಡಿಡಾಕ್ಕೆ ಮದ್ದು ಕಂಡುಹಿಡಿದವರು ಇಬ್ಬರು ಮಹಿಳೆಯರು. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಊರೂರಿನ ಮಣ್ಣು ತರಿಸಿ ಅದರಲ್ಲಿನ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಿದ್ದರು. ಆಲ್ಬನಿಯಲ್ಲಿದ್ದ ರಸಾಯನ ವಿಜ್ಞಾನಿ ರೇಚಲ್ ಬ್ರೌನ್ ಅವುಗಳಿಂದ ಔಷಧಾಂಶ ಬೇರ್ಪಡಿಸುತ್ತಿದ್ದರು. ಮಾದರಿಗಳು ಅಂಚೆಯಲ್ಲೇ ಹೋಗಿಬರುತ್ತಿದ್ದವು. ವರ್ಜೀನಿಯಾದ ಗೆಳೆಯರೊಬ್ಬರ ತೋಟದ ಮಣ್ಣಿನಲ್ಲಿ ಸಿಕ್ಕಿದ ಜೀವಿಯಿಂದ ನಿಸ್ಟಾಟಿನ್ ದೊರೆಯಿತು. 1950ರಲ್ಲಿ ಅದನ್ನು ಪ್ರಕಟಿಸಿದ ಈ ಇಬ್ಬರೂ ಬಂದ ರಾಯಲ್ಟಿಯನ್ನೆಲ್ಲ, 130 ಲಕ್ಷ ಡಾಲರಿಗೂ ಮೀರಿದ ಮೊತ್ತವನ್ನು, ಸಂಶೋಧನೆಗೇ ಬಿಟ್ಟುಕೊಟ್ಟರು. ಇಂದು ಹೆಚ್ಚು ಬಳಕೆಯಲ್ಲಿರುವ ಕ್ಲೋಟ್ರಿಮಜೋಲ್ ಬಂದದ್ದು ಅದರ ನಂತರ, 1970ರ ದಶಕದಲ್ಲಿ.

ಭಾರತದ ಸೆಕೆಯಲ್ಲಿ ಬ್ರಿಟಿಷರನ್ನು ಕಾಡಿದ್ದು ತೊಡೆಸಂದಿನ ಹುಳುಕಡ್ಡಿ. ಅಗಸರು ಒಗೆದು ತಂದ ಬಟ್ಟೆಯಿಂದ ಅಂಟುತ್ತದೆಂದು ಭಾವಿಸಿ ಅದನ್ನು ‘ಧೋಬಿ ಇಚ್’ ಎಂದು ಕರೆದರು. ಬೆವರು, ಬಿಗಿಯಾದ ದಪ್ಪ ಬಟ್ಟೆ, ಒಬ್ಬರ ಟವೆಲ್ ಇನ್ನೊಬ್ಬರು ಬಳಸುವುದು ಇವುಗಳಿಗೆ ಸಲ್ಲಬೇಕಾದ ದೂರು ಬಡ ಕುಲಕಸುಬಿನವರ ತಲೆಗೆ ಬಿತ್ತು. ಆಗಿನ ಮದ್ದು ‘ಗೋವಾ ಪುಡಿ’. ಪೋರ್ಚುಗೀಸರು ಬ್ರೆಜಿಲಿನ ಅರಾರೋಬ ಮರದ ಕಾಂಡದಿಂದ ತರಿಸುತ್ತಿದ್ದ ಈ ಪುಡಿ ಹುಳುಕಡ್ಡಿಗೆ ನಾಟುತ್ತಿತ್ತು, ಆದರೆ ಚರ್ಮವನ್ನೂ ಸುಡುತ್ತಿತ್ತು.

ಇಂಥ ತುರಿಕೆಯನ್ನು ಹೇಳಿಕೊಳ್ಳುವ ಸಂಕೋಚಕ್ಕೆ ಭಯ ಸೇರಿದ್ದು ಬ್ರಿಟಿಷರ ಕಾನೂನಿನಿಂದ. ಸೈನಿಕರ ಗುಹ್ಯರೋಗ ತಡೆಯಲೆಂದು 1868ರಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯಿದೆ, ವೇಶ್ಯಾವೃತ್ತಿಯವರೆಂದು ನೋಂದಾಯಿಸಿದ ಹೆಂಗಸರನ್ನು ಬಲವಂತವಾಗಿ ಪರೀಕ್ಷಿಸಿ, ರೋಗವಿದ್ದವರನ್ನು ‘ಲಾಕ್ ಆಸ್ಪತ್ರೆ’ಗಳಲ್ಲಿ ಕೂಡಿಹಾಕಲು ಅಧಿಕಾರ ಕೊಟ್ಟಿತು. ಬೆಂಗಳೂರಿನ ದಂಡು ಪ್ರದೇಶದಲ್ಲೂ ಇಂಥ ಆಸ್ಪತ್ರೆಯಿತ್ತು. ಕಾಯಿದೆ ಹೆಂಗಸರಿಗಷ್ಟೇ ಅನ್ವಯಿಸಿತು. ಸೋಂಕನ್ನು ಹಂಚಿಕೊಂಡ ಸೈನಿಕರು ಅದರಿಂದ ಹೊರಗುಳಿದರು. 1888ರಲ್ಲಿ ಅದು ರದ್ದಾದರೂ ‘ಆ ಜಾಗದ ಕಾಯಿಲೆ’ ಎಂದರೆ ನಡತೆಗೆಟ್ಟವರದು ಎಂಬ ಕಳಂಕ ಅಳಿಯಲಿಲ್ಲ. ತುರಿಕೆಯ ಬಹುಪಾಲು ಕಾರಣಗಳಿಗೂ ನಡತೆಗೂ ಸಂಬಂಧವಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

1992ರಲ್ಲಿ ಆರಂಭವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಲೈಂಗಿಕ ಸೋಂಕುಗಳಿಗೆ ಲಕ್ಷಣ ನೋಡಿ ಚಿಕಿತ್ಸೆ ಕೊಡುವ ಪದ್ಧತಿ ಬೆಳೆಯಿತು. ಔಷಧಗಳನ್ನು ಬಣ್ಣಬಣ್ಣದ ಏಳು ಕಿಟ್‌ಗಳಾಗಿ ಕಟ್ಟಿಟ್ಟರು: ಯೋನಿಸ್ರಾವಕ್ಕೆ ಹಸಿರು, ಕಿಬ್ಬೊಟ್ಟೆ ನೋವಿಗೆ ಹಳದಿ, ಹೀಗೆ. ಪ್ರಯೋಗಾಲಯವಿಲ್ಲದ ಕಡೆಯೂ ಅದೇ ದಿನ ಮದ್ದು ಸಿಗುವಂತಾಯಿತು. ‘ಸುರಕ್ಷಾ ಕ್ಲಿನಿಕ್’ ಎಂಬ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಸೇವೆ ಉಚಿತವಾಗಿ ದೊರೆಯುತ್ತದೆ.

ಇದೇ ಕಾಲದಲ್ಲಿ ಇನ್ನೊಂದು ಕೇಡೂ ಬೆಳೆಯಿತು. ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಶಿಲೀಂಧ್ರನಾಶಕ ಮೂರನ್ನೂ ಬೆರೆಸಿದ ಟ್ಯೂಬುಗಳು ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗತೊಡಗಿದವು. ಸ್ಟೀರಾಯ್ಡ್ ಎರಡೇ ದಿನಕ್ಕೆ ನವೆ ಅಡಗಿಸುತ್ತದೆ, ಆದರೆ ಚರ್ಮದ ಪ್ರತಿರೋಧವನ್ನು ಕುಗ್ಗಿಸುವುದರಿಂದ ಹುಳುಕಡ್ಡಿ ಅದರ ಮರೆಯಲ್ಲೇ ಹರಡುತ್ತದೆ. ಮೊದಲು ಗುಣಪಡಿಸುತ್ತಿದ್ದ ಮದ್ದಿಗೆ ಬಗ್ಗದ, ಹುಳುಕಡ್ಡಿ ತರುವ ಒಂದು ಶಿಲೀಂಧ್ರವನ್ನು 2020ರಲ್ಲಿ ಭಾರತ, ನೇಪಾಳದ ರೋಗಿಗಳಿಂದ ಗುರುತಿಸಿ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು.

ಹಾಗಾದರೆ ವೈದ್ಯರ ಬಳಿ ಹೋಗುವುದು ಯಾವಾಗ? ಒಂದು ವಾರ ಕಳೆದರೂ ತುರಿಕೆ ಇಳಿಯದಿದ್ದರೆ, ಗುಣವಾಗಿ ಮತ್ತೆ ಮರುಕಳಿಸಿದರೆ ಕಾಯಬಾರದು. ಹುಣ್ಣು, ಗುಳ್ಳೆ, ಕೆಟ್ಟ ವಾಸನೆಯ ಸ್ರಾವ, ಉರಿಮೂತ್ರ ಇದ್ದರೆ ಬೇಗ ತೋರಿಸಬೇಕು. ಜ್ವರ, ಕಿಬ್ಬೊಟ್ಟೆ ನೋವು ಕೂಡಿದರೆ ಅದೇ ದಿನ. ಗರ್ಭಿಣಿಯರು ಸ್ವಂತ ಮದ್ದು ಮಾಡಿಕೊಳ್ಳಬಾರದು. ರಾತ್ರಿ ಹೆಚ್ಚುವ ತುರಿಕೆ, ಮನೆಮಂದಿಗೂ ಅದೇ ಬಾಧೆ ಎಂದರೆ ಕಜ್ಜಿಯ ಅನುಮಾನ, ಎಲ್ಲರಿಗೂ ಚಿಕಿತ್ಸೆ ಬೇಕು. ಕ್ಯಾಂಡಿಡಾ ಪದೇಪದೇ ಬಂದರೆ ರಕ್ತದ ಸಕ್ಕರೆ ನೋಡಬೇಕು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಹೊಸ ಬಗೆಯ ಮಧುಮೇಹ ಮಾತ್ರೆಗಳೂ ಇದಕ್ಕೆ ಎಡೆಮಾಡಿಕೊಡುತ್ತವೆ.

ಎಲ್ಲ ತುರಿಕೆಯೂ ಸೋಂಕಲ್ಲ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ, ಚರ್ಮ ಬೆಳ್ಳಗೆ ತೆಳುವಾಗಿ ಸುಕ್ಕುಗಟ್ಟುವ ಲೈಕೆನ್ ಸ್ಕ್ಲೆರೋಸಸ್ ಅನ್ನು ಫ್ರಾನ್ಸಿನ ಅಲೊಪೊ 1887ರಲ್ಲಿ ಬಣ್ಣಿಸಿದ್ದರು. ವರ್ಷಗಟ್ಟಲೆ ಬಿಟ್ಟರೆ ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗಬಹುದು. ಹುಳುಕಡ್ಡಿಗೆ ಕೇಡಾದ ಪ್ರಬಲ ಸ್ಟೀರಾಯ್ಡ್ ಮುಲಾಮೇ ಇಲ್ಲಿ ಮೊದಲ ಚಿಕಿತ್ಸೆ, ವೈದ್ಯರು ನೋಡಿ ಖಚಿತಪಡಿಸಿದ ಮೇಲೆ.